ಪವಿತ್ರ ಕೈಬಿಟ್ಟ ತಪಾಸಣೆ

ದಿಂಬಂನ ಟೀ ಅಂಗಡಿಯ ಮುಂದೆ ಪ್ರಭುಸ್ವಾಮಿ ಬೇಕೆಂದೇ ಪವಿತ್ರಳ ಲೋಟದಿಂದ ಒಂದು ಗುಟುಕು ಕುಡಿದ. ಅವಳು ಹುಬ್ಬೇರಿಸಿದಳು. ಅವನು ಘಾಟಿಯ ತಿರುವು ನೋಡುವವನಂತೆ ನಟಿಸಿದ.

"ಟೀ ಆರೋಗದಾ ಅಂತ ನೋಡ್ದೆ ಕಣ."

"ಆರೋಗಿತ್ತಾ?"

"ಗೊತ್ತಾಗ್ನಿಲ್ಲ. ಇನ್ನೊಂದು ಗುಟುಕು ಕೊಡು."

ಇಬ್ಬರೂ ತಾಳವಾಡಿಯ ಸಣ್ಣ ಕಂಪನಿಯೊಂದರಲ್ಲಿ ವೆಬ್‌ಸೈಟುಗಳ ಭದ್ರತೆ ಪರೀಕ್ಷಿಸುತ್ತಿದ್ದರು. ಲಿಂಕ್ ಒತ್ತಿದಾಗ ಹೊಸ ಟ್ಯಾಬ್‌ನಲ್ಲಿ ತೆರೆಯುವ ಪುಟ, ಹಿಂದಿನ ಟ್ಯಾಬ್‌ನಲ್ಲಿ ಸದ್ದಿಲ್ಲದೆ ನಕಲಿ ಪುಟ ತಂದಿಡಬಹುದಾಗಿದ್ದ ಕಾಲವೊಂದಿತ್ತು. ಅಂಥ ಲಿಂಕುಗಳನ್ನು ಹುಡುಕಿ ಎಚ್ಚರಿಸುವ ತಪಾಸಣೆ ಪ್ರೋಗ್ರಾಮನ್ನು ಬರೆದವಳು ಪವಿತ್ರ. ಆಫೀಸಿನಲ್ಲಿ ಅವಳಿಗೆ ಹೆಸರು ತಂದದ್ದೇ ಅದು.

"ಅದಿನ್ನ ಬ್ಯಾಡ ಅನ್ನುಸ್ತದ ಪ್ರಭು," ಎಂದಳು. "ಈಗ ಬ್ರೌಸರುಗಳೇ ಆ ದಾರಿ ಮುಚ್ಬುಟ್ಟವ. ನಮ್ಮದು ಸುಮ್ನೆ ಜನಾನ ಎದರಿಸ್ತದ, ಅಷ್ಟೆ. ಅಳೇ ಫೋನುಗಳಲ್ಲಿ ಒಂದ್ಸಲ ನೋಡ್ಬುಟ್ಟು ಮೇಡಮ್‌ಗ ನಾನೇ ಯೇಳ್ತೀನಿ."

"ಬೇಜಾರಿಲ್ವಾ?"

"ಅದ. ಮೊದಲ್ನೇ ಕೆಲ್ಸ ಅಲ್ವಾ? ನಿಂಗಲ್ದೆ ಇನ್ಯಾರ್ಗ ಯೇಳ್ಲಿ?"

ಅವನು ಅವಳ ಕಿರುಬೆರಳನ್ನು ಮೆಲ್ಲಗೆ ಹಿಡಿದುಕೊಂಡ.

ಸೋಮವಾರದ ಮೀಟಿಂಗಿನಲ್ಲಿ, ಕಂಪನಿ ನಡೆಸುವ ಪರಿಮಳ ಮೇಡಮ್ ಎದುರು ಪ್ರಭುಸ್ವಾಮಿ ಎದ್ದು ನಿಂತ. ಬ್ರೌಸರುಗಳು ಬದಲಾಗಿವೆ, ನಮ್ಮ ಹಳೆಯ ತಪಾಸಣೆಗಳನ್ನು ಯಾರೂ ತಿರುಗಿ ನೋಡಿಲ್ಲ ಎಂದ. ಉದಾಹರಣೆಗೆ ಅವಳದನ್ನೇ ತೆರೆದು ತೋರಿಸಿದ. ದಿಂಬಂನಲ್ಲಿ ಅವಳು ಕೊಟ್ಟ ಕಾರಣಗಳೆಲ್ಲ ಅವನ ಬಾಯಲ್ಲಿ ಅವನವೇ ಆಗಿದ್ದವು.

"ಬರೆದವ್ರಿಗೆ ಬಿಡೋಕೆ ಬೇಜಾರಿರಬಹುದು," ಎಂದು ನಕ್ಕ. ಎಲ್ಲರೂ ಪವಿತ್ರಳತ್ತ ತಿರುಗಿ ನಕ್ಕರು.

ಟೀಮ್ ಲೀಡ್ ಆಗುವವರಿಗೆ ಇಂಥ ಕಣ್ಣು ಬೇಕೆಂದ ಮೇಡಮ್, ಆ ಹುದ್ದೆಯನ್ನು ಅಲ್ಲೇ ಅವನಿಗೆ ವಹಿಸಿದರು.

ತಪಾಸಣೆ ಹೋಗುವುದಕ್ಕಲ್ಲ, ಅವನೊಬ್ಬನಿಗೆ ಹೇಳಿದ ಬೇಜಾರು ಎಲ್ಲರ ನಗೆಯಾಯಿತಲ್ಲ ಎಂದು ಅವಳಿಗೆ ಸಿಟ್ಟು ಬಂತು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವನು ಅಡ್ಡ ಬಂದ. "ಲೀಡ್ ಆದ್ರ ನಿಮ್ಮಪ್ಪಾರು ನಮ್ ಮದ್ವಗ ಒಪ್ತಾರೆ ಅಂತ ಕಣ. ನಮ್ಮಿಬ್ರಿಗೋಸ್ಕರ ಮಾಡ್ದೆ."

"ನನ್ನ ಮಾತ ಕದ್ದು ನನ್ನೇ ಕೇಳಕ ಬತ್ತಿದ್ದಿಯಾ?"

ಅವನು ದಾರಿ ಬಿಟ್ಟು ಸರಿದ.

ಮಾರನೆಯ ದಿನ ಅವಳು ಹಳೆಯ ಫೋನುಗಳನ್ನು ತರಿಸಿ ಪರೀಕ್ಷೆ ಮುಗಿಸಿದಳು. ಗಿರಾಕಿಗಳು ಬಳಸುವ ಬ್ರೌಸರುಗಳೆಲ್ಲ ಆ ಮೋಸವನ್ನು ತಾವಾಗಿಯೇ ತಡೆಯುತ್ತಿದ್ದವು. ತನ್ನ ತಪಾಸಣೆಯನ್ನು ತಾನೇ ಅಳಿಸಿದಳು.

ಅಷ್ಟರಲ್ಲಿ ಮೇಡಮ್ ಕರೆದರು. ಪ್ರಭುಸ್ವಾಮಿ ಎಲ್ಲವನ್ನೂ ಒಪ್ಪಿಕೊಂಡಿದ್ದ. "ಲೀಡ್ ನೀನೇ ಆಗಮ್ಮ," ಎಂದರು. ಅವಳು ಒಪ್ಪಿದಳು. ಆದರೆ ಆ ಖುಷಿಯನ್ನು ಓಡಿಹೋಗಿ ಹೇಳಲು ಇದ್ದವನು ಅವನೊಬ್ಬನೇ.

ಸಂಜೆ ಅವಳ ಊರು ಪಣಕಹಳ್ಳಿಯ ಬಸ್ಸು ಬಂದಾಗ ಅವನು ಬಾಗಿಲ ಬಳಿ ಕಾದಿದ್ದ. ಕಣ್ಣು ಕೆಂಪಾಗಿತ್ತು.

"ನನ್ನ ಮ್ಯಾಲ ಪ್ರೀತಿ ಓಯ್ತಾ ಪವಿ?"

"ಓಗ್ನಿಲ್ಲ," ಎಂದಳು. ಮುದುಡಿದ ಅವನ ಕಾಲರನ್ನು ಕೈ ತಾನಾಗಿಯೇ ಸರಿಮಾಡಿತು. "ನಿನ್ನ ಮುಂದ ಮನಸ್ ಬಿಚ್ಚೋ ಧೈರ್ಯ ಓಯ್ತು. ಅದಿಲ್ದೆ ನಿನ್ನ ಜೊತ ಎಂಗ್ ಬಾಳ್ಲಿ? ಎಣ್ಣು ಕೇಳಕ ನಿಮ್ಮನೆಯವ್ರನ್ನ ಕಳಿಸ್ಬ್ಯಾಡ."

ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಕಣ್ಮರೆಯಾಗುವವರೆಗೂ ನೋಡಿದಳು. ಪೇಟೆ ದಾಟಿದ ಮೇಲೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಅತ್ತಳು.