ಇನ್ನೊಂದು ಸೂಜಿ ಬೇಡ ಅಂದಿದ್ದಕ್ಕೆ

"ಅಳಿಯಂದ್ರು ಬಂದ್ರು! ಕುರ್ಚಿ ಹಾಕಮ್ಮಾ!"

ಆಸ್ಪತ್ರೆಯ ಮಂಚದಿಂದ ಅಪ್ಪ ಕೂಗಿದ್ದೇ ತಡ, ಪಕ್ಕದಲ್ಲಿದ್ದ ಮಗಳ ಮುಖ ಕೆಂಪಾಯಿತು. ಮದುವೆಯೇ ಆಗದವಳಿಗೆ ಎಲ್ಲಿಯ ಗಂಡ! ಬಂದವನು ಪ್ಲಾಸ್ಮಾ ಯಂತ್ರ ನಡೆಸುವವನು.

"ಕ್ಷಮಿಸಿ... ಅಪ್ಪನಿಗೆ ಮರೆವಿನ ಕಾಯಿಲೆ. ಮಗಳು ನಾನು, ನನ್ನನ್ನೇ ನರ್ಸ್ ಅಂದ್ಕೊಂಡಿದ್ದಾರೆ."

"ಪರವಾಗಿಲ್ಲ ಬಿಡಿ. ಬಂದ ತಕ್ಷಣ ಕುರ್ಚಿ ಹಾಕಿಸೋ ಮಾವ ಯಾರಿಗೆ ಸಿಗ್ತಾರೆ?" ಎಂದು ಅವನು ನಕ್ಕ.

ಅಯ್ಯೋ, ಆ ನಗು! ಅವಳ ಎದೆ ಝಲ್ಲೆಂದಿತು.

ಯಂತ್ರ ರಕ್ತದಲ್ಲಿನ ಹಳದಿ ನೀರನ್ನು ತೆಗೆದು ಬೇರೆ ಶುದ್ಧ ದ್ರವ ತುಂಬುತ್ತದೆ, ಮರೆವು ತರುವ ಪ್ರೋಟೀನ್ ತಗ್ಗಿತೇ ಎಂದು ಆಮೇಲೆ ರಕ್ತ ಪರೀಕ್ಷೆಯಲ್ಲಿ ನೋಡುತ್ತಾರೆ ಎಂದು ಅವನು ತಿಳಿಸಿ ಹೇಳಿದ. ಅವಳಿಗೆ ಬೇಕಿದ್ದದ್ದು ಒಂದೇ. ಅಪ್ಪ ಇನ್ನೊಮ್ಮೆ ತನ್ನನ್ನು "ಮಗಳೇ" ಎನ್ನಬೇಕು.

ಕೆಲವು ದಿನಗಳ ಮೇಲೆ ವರದಿ ಬಂತು. ಪ್ರೋಟೀನ್ ಅರ್ಧಕ್ಕಿಳಿದಿತ್ತು!

ಹುಡುಗಿ ಕುಣಿದಾಡಿಬಿಟ್ಟಳು. ವಾಸಿಯಾಗುತ್ತಿರುವ ಅಪ್ಪನನ್ನು ಮನೆಯಲ್ಲಿ ಕಳ್ಳನ ಹಾಗೆ ಕೂಡಿಹಾಕುವುದೇ? ಅಪ್ಪನನ್ನು ಮನೆಗೆ ಕರೆತಂದವಳೇ ಬೀದಿ ಬಾಗಿಲಿನ ಮೇಲಿನ ಚಿಲಕವನ್ನೇ ಬಿಚ್ಚಿ ಹಾಕಿದಳು.

ಮರುದಿನ ಅಪ್ಪ ಕಾಣೆ. ಸಿಕ್ಕಿದ್ದು ಚರಂಡಿಯಲ್ಲಿ, ಸೊಂಟದ ಮೂಳೆ ಮುರಿದುಕೊಂಡು.

ಮತ್ತೆ ಅದೇ ಆಸ್ಪತ್ರೆ. ಯಂತ್ರದವನು ತಲೆತಗ್ಗಿಸಿಕೊಂಡು ಬಂದ.

"ತಪ್ಪು ನಂದು. ಅವರ ಕೈಯೆಲ್ಲಾ ಚುಚ್ಚಿ ಚುಚ್ಚಿ ನೀಲಿಗಟ್ಟಿತ್ತು. ಇನ್ನೊಂದು ಸೂಜಿ ಬೇಡ ಅಂತ, ಯಂತ್ರ ನಿಂತ ತಕ್ಷಣ ಅದೇ ಟ್ಯೂಬಿಂದ ರಕ್ತ ತೆಗೆದೆ. ಆಗ ಹೊಸ ದ್ರವ ತುಂಬಿರುತ್ತೆ, ಎಲ್ಲಾ ಕಡಿಮೆನೇ ತೋರಿಸುತ್ತೆ. ಕೆಲವು ದಿನ ಬಿಟ್ಟು ತೆಗೀಬೇಕಿತ್ತು. ಇವತ್ತಿನ ಪರೀಕ್ಷೆಲಿ... ಮೊದಲಿನಷ್ಟೇ ಇದೆ."

"ಅಂದ್ರೆ ನಾನು ಇಟ್ಕೊಂಡಿದ್ದ ಆಸೆ ಎಲ್ಲಾ ಸುಳ್ಳಾ? ಹೋಗಿ ಇಲ್ಲಿಂದ! ಮುಖ ತೋರಿಸ್ಬೇಡಿ!"

ಹೋದ. ಆದರೆ ವಾರ್ಡಿನ ಹೊರಗಿನ ಬೆಂಚಿನವರೆಗೆ ಮಾತ್ರ. ದಿನವೂ ಕೆಲಸ ಮುಗಿಸಿ ಅಲ್ಲೇ ಬಂದು ಕೂರುತ್ತಿದ್ದ.

ಗಾಜಿನ ಬಾಗಿಲಾಚೆ ಅವನನ್ನು ನೋಡಿದಾಗೆಲ್ಲ ಅವಳಿಗೆ ಅನಿಸುತ್ತಿತ್ತು. 'ಅಪ್ಪನಿಗೆ ನೋವಾಗದಿರಲಿ ಅಂತ ಅವನು ಅವಸರ ಮಾಡಿದ. ಚಿಲಕ ಬಿಚ್ಚಿದ್ದು ನಾನಲ್ಲವೇ? ಅಪ್ಪನ ಮೇಲಿನ ಪ್ರೀತಿಯಿಂದಲೇ ಇಬ್ಬರೂ ಕೆಡಿಸಿದೆವಲ್ಲಾ...'

ಕೊನೆಗೆ ಬಾಗಿಲು ತೆರೆದಳು. "ಒಳಗೆ ಬನ್ನಿ. ಅಪ್ಪನ್ನ ಮಗ್ಗುಲಿಗೆ ಹೊರಳಿಸೋಕೆ ನನ್ನೊಬ್ಬಳ ಕೈಲಿ ಆಗ್ತಿಲ್ಲ."

ಇಬ್ಬರೂ ಸೇರಿ ಮೆಲ್ಲಗೆ ಹೊರಳಿಸಿದರು. ಅಪ್ಪನ ಬೆನ್ನ ಹಿಂದೆ ಕೈಗೆ ಕೈ ತಗುಲಿತು. ಅವಳು ಬಿಡಿಸಿಕೊಳ್ಳಲಿಲ್ಲ.

ಅಪ್ಪ ಕಣ್ಣುಬಿಟ್ಟರು. "ಅಳಿಯಂದ್ರೇ... ಯಾವಾಗ ಬಂದ್ರಿ?"

ಆಮೇಲೆ ಅವಳನ್ನು ದಿಟ್ಟಿಸಿದರು. "ಈಯಮ್ಮ ಯಾರು? ಪಾಪ, ಯಾಕೆ ಅಳ್ತಿದ್ದಾಳೆ?"

ಅವಳು ಕಣ್ಣೊರೆಸಿಕೊಂಡಳು.

"ನಿಮ್ಮ ಮಗಳು, ಮಾವ," ಎಂದ ಅವನು.

"ಹೌದಾ? ನಾಳೆ ಮರ್ತುಬಿಟ್ರೆ?"

"ನಾಳೆ ಮತ್ತೆ ಹೇಳ್ತೀನಿ."

"ದಿನಾ...?" ಎಂದು ಕೇಳಿದ್ದು ಅಪ್ಪನಲ್ಲ, ಅವಳು.

ಅವನು ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ದಿನಾ."