ಒದ್ದೆ ಕೈಗೊಂದು ಫೋನು

"ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲೆಲ್ಲಿ ಹೋಗ್ತೀರಿ ಮೇಡಂ?"

"ಏನಂದ್ರಿ?!"

ಅವಳ ಧ್ವನಿಗೆ ಅಂಗಡಿಯ ಗಾಜಿನ ಬಾಗಿಲೇ ಅದುರಿತು. ಈಜು ಕಲಿಸುವವಳು... ಕೊಳದ ಆ ದಡದಲ್ಲಿ ನೀರು ಕುಡಿಯುತ್ತಿರುವ ಮಗುವಿಗೂ ಕೇಳಿಸುವಂತೆ ಕೂಗಿ ಅಭ್ಯಾಸ. ಮಕ್ಕಳು ಅವಳಿಗಿಟ್ಟ ಹೆಸರು 'ಪೀಪಿ ಮಿಸ್'. ಇವತ್ತು ಪೀಪಿ ಇಲ್ಲದೆಯೇ ಕೆಲಸ ಆಯಿತು!

"ನಾನು ಫೋನ್ ಕೊಳ್ಳೋಕೆ ಬಂದಿದ್ದೀನಿ. ನೀವೇನು ನನ್ನ ಆತ್ಮಕಥೆ ಬರೀತಿದ್ದೀರಾ?"

ಕೌಂಟರಿನ ಆಚೆಗಿದ್ದ ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಚಿಕ್ಕಮ್ಮ ಅವಳ ಮೊಣಕೈ ಜಗ್ಗಿದಳು.

"ಮೆಲ್ಲಗೆ ಕಣೇ! ಅವನು ಎಲ್ಲರಿಗೂ ಹಂಗೇ ಕೇಳೋದು. ಮೊದಲು ನಮ್ಮ ದಿನ ಹೆಂಗೆ ಅಂತ ಕೇಳ್ತಾನೆ, ಆಮೇಲೇ ಫೋನು ತೋರಿಸ್ತಾನೆ. ಹೋದ ತಿಂಗಳು ನಾನು ಒಂದೂವರೆ ಗಂಟೆ ಹೇಳಿದ್ದೆ, ಗೊತ್ತಾ?"

"ಗೊತ್ತಿಲ್ಲದೆ ಏನು," ಅವನು ನಿಟ್ಟುಸಿರಿಟ್ಟ. "ಆವತ್ತು ಬಂದ ಗಿರಾಕಿಗಳೆಲ್ಲ... ಈಗ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ."

ಕೊನೆಯ ಮಾತು ಬಂದದ್ದು ಫೋನು ಸಿಗದಿದ್ದಾಗ ಕೇಳಿಸುತ್ತದಲ್ಲ, ಆ ಹೆಂಗಸಿನ ಧ್ವನಿಯಲ್ಲಿ. ಥೇಟ್ ಅದೇ! ಬೀದಿಯವರೆಲ್ಲ ಅವನನ್ನು 'ರಿಂಗ್‌ಟೋನ್' ಅನ್ನುವುದು ಸುಮ್ಮನೆ ಅಲ್ಲ.

ಅವಳಿಗೆ ನಗು ತುಟಿಯವರೆಗೆ ಬಂತು. ಆದರೆ 'ಎಲ್ಲೆಲ್ಲಿ ಹೋಗ್ತೀರಿ' ಅನ್ನುವ ಪ್ರಶ್ನೆ ಮುಳ್ಳಿನ ಹಾಗೆ ಅಡ್ಡ ನಿಂತಿತು.

ಮದುವೆಯಾಗಬೇಕಿದ್ದವನೊಬ್ಬ ಅವಳಿಗೊಂದು ದುಬಾರಿ ಫೋನು ಕೊಟ್ಟಿದ್ದ. ಅವಳು ಎಲ್ಲಿದ್ದಾಳೆಂದು ಆ ಫೋನು ಅವನಿಗೆ ಚಾಡಿ ಹೇಳುತ್ತಿತ್ತು! 'ಲೈಬ್ರರಿ ಮುಂದೆ ಅಷ್ಟು ಹೊತ್ತು ಯಾಕೆ ನಿಂತಿದ್ದೆ? ಜೊತೇಲಿ ಯಾರಿದ್ರು?' ಮದುವೆ ಮುರಿದು, ಫೋನು ಅವನಿಗೇ ವಾಪಸ್ ಹೋಗಿತ್ತು. ಅಂದಿನಿಂದ ಚಿಕ್ಕಮ್ಮ ಬಿಟ್ಟುಕೊಟ್ಟ, ಗಾಜು ಒಡೆದ ಫೋನಿನಲ್ಲೇ ಅವಳ ದಿನ ಸಾಗುತ್ತಿತ್ತು. ಮೊನ್ನೆ ಅದೂ ಕೊಳಕ್ಕೆ ಹಾರಿ ಪ್ರಾಣ ಬಿಟ್ಟಿತ್ತು.

"ನೋಡಿ," ಅಂದಳು ಕೊನೆಗೆ. "ಮಕ್ಕಳ ಅಮ್ಮಂದಿರು ಫೋನ್ ಮಾಡ್ತಾರೆ, ಆ ದಡದಲ್ಲಿದ್ರೂ ನನಗೆ ಕೇಳಿಸಬೇಕು. ಮಕ್ಕಳು ಕಾಲು ಹೇಗೆ ಬಡೀತಾರೆ ಅಂತ ವಿಡಿಯೋ ತೆಗೀಬೇಕು. ಸಂಜೆವರೆಗೆ ಚಾರ್ಜ್ ನಿಲ್ಲಬೇಕು. ಅಷ್ಟೇ. ಮತ್ತೆ... ನಾನು ಎಲ್ಲಿದ್ದೀನಿ ಅಂತ ಯಾರಿಗೂ ಗೊತ್ತಾಗಬಾರದು."

ಯಾಕೆ ಅಂತ ಅವನು ಕೇಳಲಿಲ್ಲ. ಅದು ಅವಳಿಗೆ ಹಿಡಿಸಿತು.

"ಕೈ ತೋರಿಸಿ."

"ಯಾಕೆ, ಭವಿಷ್ಯ ಹೇಳ್ತೀರಾ?"

"ಬೆರಳಿನ ಭವಿಷ್ಯ." ನೀರಿನಲ್ಲಿ ನೆನೆದು ಸುಕ್ಕಾದ ತುದಿಗಳನ್ನು ದೂರದಿಂದಲೇ ನೋಡಿದ. "ಈ ಬೆರಳಚ್ಚು ಇಟ್ರೆ ಫೋನು 'ಯಾರಮ್ಮ ನೀನು?' ಅನ್ನುತ್ತೆ. ನಿಮಗೆ ನಂಬರ್ ಲಾಕೇ ಸರಿ."

ಚಿಕ್ಕಮ್ಮ ನಾಲ್ಕು ಕ್ಯಾಮೆರಾದ ದೊಡ್ಡ ಫೋನಿಗೆ ಆಸೆಪಟ್ಟಳು. "ಅದಕ್ಕೆ ನಾಲ್ಕು ಕಣ್ಣು, ಕಿವಿ ಮಾತ್ರ ಮಂದ" ಅಂತ ಬದಿಗಿಟ್ಟ. ಜೋರು ಸದ್ದಿನ, ಗಟ್ಟಿ ಬ್ಯಾಟರಿಯ ಸಾದಾ ಫೋನು ಆರಿಸಿದ. ಸದ್ದು ಎಷ್ಟು ದೂರ ಕೇಳುತ್ತದೆಂದು ತೋರಿಸಲು ಅವಳನ್ನು ಬೀದಿಯ ಆ ತುದಿಗೆ ಕಳಿಸಿ, ಅಂಗಡಿಯ ಟ್ಯಾಬ್‌ನಿಂದ ಫೋನನ್ನು ಬಾರಿಸಿದ. ಮಲಗಿದ್ದ ನಾಯಿ ಎದ್ದು ಓಡಿತು!

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ... ಮನಸಾರೆ.

ಆಮೇಲಿನ ದಿನಗಳಲ್ಲಿ ಅವಳಿಗೆ ಅಂಗಡಿಯಲ್ಲಿ ಏನೇನೋ ಕೆಲಸ. ಪೌಚು, ಪೌಚಿಗೆ ದಾರ, ಆ ದಾರ ಬೇಡ ಬೇರೆ ಬಣ್ಣದ್ದು. ಅವನು ಚಿಕ್ಕಮ್ಮನ ಧ್ವನಿಯಲ್ಲಿ, "ಇನ್ನೊಂದು ಪೌಚ್ ಬೇಕೇನೇ?" ಅಂದರೆ ಹೊಟ್ಟೆ ಹುಣ್ಣಾಗುವಷ್ಟು ನಗು.

'ಇವನು ಬೇರೆ ಥರ,' ಅನ್ನಿಸತೊಡಗಿತ್ತು.

ಅಷ್ಟರಲ್ಲಿ ಒಂದು ಮಧ್ಯಾಹ್ನ, ಕೊಳದ ಮೆಟ್ಟಿಲ ಮೇಲೆ ಕೂತು ತಲೆ ಒರೆಸಿಕೊಳ್ಳುವಾಗ ಫೋನಿನಲ್ಲಿ ಒಂದು ಸಾಲು ಮೂಡಿತು.

'ಈ ಫೋನ್ ಇರುವ ಜಾಗ ಇನ್ನೊಂದು ಸಾಧನದಲ್ಲಿ ಕಾಣಿಸುತ್ತಿದೆ: ಅಂಗಡಿ ಟ್ಯಾಬ್.'

ಅಯ್ಯೋ... ಇವನೂನಾ?!

ಒದ್ದೆ ಕೂದಲಲ್ಲೇ ಅಂಗಡಿಗೆ ನುಗ್ಗಿದಳು. "ಎಷ್ಟು ದಿನದಿಂದ ನನ್ನ ಹಿಂದೆ ಬಿದ್ದಿದ್ದೀರಿ?"

ಸಾಲು ಓದಿದ ಅವನ ಮುಖ ಬಿಳಿಚಿಕೊಂಡಿತು. ಟ್ಯಾಬ್ ತೆರೆದ. ನಕ್ಷೆಯ ತುಂಬ ಚುಕ್ಕಿಗಳು... ದಡಾರ ಎದ್ದ ಹಾಗೆ!

"ಅಯ್ಯಯ್ಯೋ... ಎಲ್ಲರದ್ದೂ!" ಅವನು ತಲೆ ಚಚ್ಚಿಕೊಂಡ. "ಸದ್ದು ಬಾರಿಸಿ ನೋಡೋಕೆ ಹೊಸ ಫೋನಿಗೆ ಅಂಗಡಿ ಅಕೌಂಟ್ ಹಾಕ್ತೀನಿ. ಟ್ಯಾಬಲ್ಲಿ ಮುಚ್ಚಿದ್ರೆ ಫೋನಲ್ಲೂ ಹೋಗುತ್ತೆ ಅಂದ್ಕೊಂಡಿದ್ದೆ. ಈ ಹೊಸ ಟ್ಯಾಬ್ ಬಂದಾಗಿಂದ ಮಾರಿದ ಒಂದರಲ್ಲೂ ಹೋಗಿಲ್ಲ!"

ಅವಳ ಕಣ್ಣು ಒಂದು ಚುಕ್ಕಿಯ ಮೇಲೆ ನಿಂತಿತು. "ಇದು ಚಿಕ್ಕಮ್ಮನ ಫೋನಲ್ವಾ? ಬೇಕರೀಲಿ ಏನ್ಮಾಡ್ತಿದಾಳೆ? ಡಾಕ್ಟರು ಸಿಹಿ ಬೇಡ ಅಂದಿ..."

ಅವನು ಟ್ಯಾಬನ್ನು ಬೋರಲು ಹಾಕಿದ. "ಬೇಡ ಮೇಡಂ. ಅವರಿಗೆ ಹೇಳದೆ ನಾವು ನೋಡಬಾರದು."

ಕಣ್ಣಿಗೆ ಬಿದ್ದದ್ದೇ ತಡ, ಆ ದುಬಾರಿ ಫೋನು ಕೊಟ್ಟವನ ಹಾಗೆ ತಾನೂ ಲೆಕ್ಕ ಕೇಳಿದ್ದಳು. ಎದುರಿಗಿದ್ದವನೇ ನೋಡಬೇಡವೆಂದು ತಡೆದಿದ್ದ!

ಅವನು ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. "ನಿಮ್ಮ ಫೋನು ನಾನು ಮುಟ್ಟಲ್ಲ. ಅಂಗಡಿ ಅಕೌಂಟ್ ನೀವೇ ತೆಗೀರಿ, ದಾರಿ ಹೇಳ್ತೀನಿ."

ಅವಳೇ ತೆಗೆದಳು. ತೆಗೆದು ಹೋಗಬಹುದಿತ್ತು. ಹೋಗಲಿಲ್ಲ.

ಅವನು ಬಾಗಿಲು ಅರ್ಧ ಎಳೆದು, ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದ. ಯಾರ ಧ್ವನಿಯ ಆಸರೆಯೂ ಇಲ್ಲ. "ನನ್ನಿಂದ ತಪ್ಪಾಗಿದೆ ಸರ್..." ಕೆಲವರು ನಕ್ಕರು. ಒಬ್ಬರಂತೂ ಉಗಿದು ಉಪ್ಪಿನಕಾಯಿ ಹಾಕಿದರು. ಅವನು ತಲೆ ತಗ್ಗಿಸಿ ಕೇಳಿದ.

ಚಿಕ್ಕಮ್ಮನಿಗೆ ವಿಷಯ ಹೇಳಿ ಮುಗಿಸುವುದರೊಳಗೆ ಆ ಕಡೆಯಿಂದ ಕಿರುಚಾಟ: "ಬೇಕರಿಗೆ ನಾನು ಹೋಗೇ ಇಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ! ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

ಕೊನೆಯ ಕರೆ ಮುಗಿಯಿತು.

"ನಂಬಿಕೆ ವಾಪಸ್ ಬರೋಕೆ ಎಷ್ಟು ದಿನ ಬೇಕೋ ತಗೊಳ್ಳಿ," ಅಂದ. "ಒಂದು ಮಾತ್ರ ಹೇಳಿಬಿಡ್ತೀನಿ. ನೀವು ಬರದ ದಿನ... ಎಲ್ಲಿದ್ದೀರೋ ಅಂತ ಅನ್ನಿಸ್ತಿತ್ತು. ಆದ್ರೂ ಟ್ಯಾಬ್ ಹತ್ತಿರ ಹೋಗೋ ಯೋಚನೆ ಬಂದಿಲ್ಲ. ಬಾಗಿಲು ನೋಡ್ತಾ ಕೂತಿರ್ತಿದ್ದೆ."

ಅವಳ ಎದೆ ಡವಗುಟ್ಟಿತು. ಯಾವ ಫೋನೂ ಅಷ್ಟು ಜೋರಾಗಿ ಸದ್ದು ಮಾಡಿರಲಾರದು.

"ಕೇಳಿಸಿಕೊಳ್ಳಿ," ಅಂದಳು ಮೆಲ್ಲಗೆ. "ನಾಳೆ ಸಂಜೆ ಕ್ಲಾಸ್ ಮುಗಿದ ಮೇಲೆ ಕೊಳದ ಹಿಂದಿನ ಗೇಟ್ ಹತ್ತಿರ ಇರ್ತೀನಿ. ಅಲ್ಲಿಂದ ಲೈಬ್ರರಿವರೆಗೆ ನಡ್ಕೊಂಡು ಹೋಗ್ತೀನಿ."

"ಇದನ್ನ... ನನಗ್ಯಾಕೆ ಹೇಳ್ತಿದ್ದೀರಿ?"

"ಯಾಕಂದ್ರೆ, ನೀವು ಕೇಳಲಿಲ್ಲ."

ಅವನ ಕಣ್ಣು ತುಂಬಿತು. "ಜೊತೇಲಿ ಬರಲಾ?"

"ಬನ್ನಿ. ನಿಮ್ಮ ಧ್ವನೀಲೇ ಮಾತಾಡ್ತೀರಿ ಅಂದ್ರೆ."