ಹಲಸಿನ ಗಿಟಾರಿಗೆ ಬೇರೆ ಗಂಟಲು

ಎಂಬತ್ತೆರಡರ ಬೇಸಿಗೆ. ಕೊಟ್ಟೂರಿನ ಮದುವೆ ಛತ್ರದಲ್ಲಿ ಗಿಟಾರ್ ಕಿರುಚಿತು.

ಓಬಳೇಶಪ್ಪನ ಆರ್ಕೆಸ್ಟ್ರಾದಲ್ಲಿ ಎರಡು ಗಿಟಾರುಗಳು. ನಿನ್ನೆ ಇಂಪಾಗಿದ್ದ ಹಲಸಿನ ಮರದ್ದು ಇಂದು ತಗಡು ಕೆರೆದಂತೆ ಕೇಳಿಸಿತು. ತೇಗದ್ದು ಕಂಬಳಿಯೊಳಗಿಂದ ಗೊಣಗಿತು.

ತಂತಿಯ ನಡುಕ ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್‌ಗಳನ್ನು ಕೂರಿಸಿದವನು ಮೋಟರ್ ವೈಂಡಿಂಗ್ ಅಂಗಡಿಯ ಮಕ್ತುಂ ಸಾಬ್. ಅಸಲಿ ಮಾರಿಕೊಂಡು ನಕಲಿ ಹಾಕಿದ್ದಾನೆಂದು ಓಬಳೇಶಪ್ಪ ದೂರು ಬರೆದ. ಮಧ್ಯಾಹ್ನಕ್ಕೆ ಮಕ್ತುಂ ಠಾಣೆಯ ಬೆಂಚಿನ ಮೇಲಿದ್ದ. ಸಂಜೆಯೊಳಗೆ ನಿಜ ತಿಳಿಯದಿದ್ದರೆ ಕೇಸು ಹಾಕುತ್ತೇನೆಂದರು ದಫೇದಾರ್ ಗಾಳೆಪ್ಪ.

ಮಕ್ತುಂನ ಹೆಂಡತಿ ಲಾಲ್ ಬೀಗೆ ಮನೆಯಲ್ಲಿ ಕೂರಲಾಗಲಿಲ್ಲ. ಪಿಕಪ್‌ಗಳಿಗೆ ತಂತಿ ಸುತ್ತಿದವಳು ಅವಳೇ. ಊರಿಗೆ ಅದು ಗೊತ್ತಿರಲಿಲ್ಲ. ಗಂಡನ ಹೆಸರಿನ ಮರೆಯಲ್ಲಿ ಅವಳ ಕೆಲಸ ಬೆಚ್ಚಗಿತ್ತು. ಸೆರಗು ಹೊದ್ದು ಛತ್ರಕ್ಕೆ ನಡೆದಳು.

*

ದಫೇದಾರರ ಕಣ್ಣು ಆಗಲೇ ಗಿಟಾರ್ ನುಡಿಸುವ ಹುಲುಗಪ್ಪನ ಮೇಲೂ ಬಿದ್ದಿತ್ತು. ಹರಪನಹಳ್ಳಿಯ ತಂಡ ಅವನನ್ನು ಕರೆಯುತ್ತಿತ್ತು; ಹೋಗುವ ಮೊದಲು ಕೆಡಿಸಿರಬಹುದೆಂಬ ಗುಮಾನಿ.

"ನನ್ನ ವಾದ್ಯ ನಾನ ಕೆಡಿಸ್ಕೊಳ್ಳಾಕ ಹುಚ್ಚು ಹಿಡದೈತೇನ್ರಿ?" ಎಂದ.

ಲಾಲ್ ಬೀ ಕರೆಂಟ್ ತೆಗೆಸಿದಳು. ಹಲಸಿನ ಒಡಲಿಗೆ ಕಿವಿ ಹಚ್ಚಿ ತಂತಿ ಮೀಟಿದಳು. ಆಮೇಲೆ ತೇಗದ್ದು. ಮರಗಳ ದನಿ ಕೆಟ್ಟಿರಲಿಲ್ಲ. ಮುಚ್ಚಳ ಬಿಚ್ಚಿದಳು. ಬೆಸುಗೆ ಕಿತ್ತು, ತಂತಿಗಳನ್ನು ಕೈಯಲ್ಲೇ ಹೊಸೆದು ಮೇಣ ಮೆತ್ತಿದ್ದರು. ಮೇಣದಲ್ಲಿ ಕುಂಕುಮದ ಕೆಂಪಿತ್ತು.

ತಂಡದಲ್ಲಿ ಹೆಂಗಸು ಒಬ್ಬಳೇ, ಹಾಡುಗಾರ್ತಿ ಗುರುಬಸಮ್ಮ. ಲಾಲ್ ಬೀ ತಂತಿ ಸುತ್ತುವಾಗ ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತ ನಗಿಸುತ್ತಿದ್ದವಳು. ಹೇಳಿದರೆ ಅವಳು ಜೈಲಿಗೆ ಹೋಗುತ್ತಾಳೆ, ಹೇಳದಿದ್ದರೆ ಗಂಡ. ಲಾಲ್ ಬೀ ಬಾಗಿಲವರೆಗೆ ಹೋದಳು, ಮರಳಿದಳು, ಮತ್ತೆ ಹೋದಳು.

*

"ಯಾರೂ ಕದ್ದಿಲ್ರಿ. ಎರಡೂ ಪಿಕಪ್ ಇಲ್ಲೇ ಅದಾವು, ಅದಲಬದಲ ಆಗ್ಯಾವು," ಎಂದಳು ಲಾಲ್ ಬೀ, ಛತ್ರದಲ್ಲಿ ದಫೇದಾರರ ಮುಂದೆ ನಿಂತು.

ನಿಧಾನವಾಗಿ ಬಿಡಿಸಿ ಹೇಳಿದಳು. ಹಲಸಿನದು ಹುಟ್ಟಾ ಚೂಪು ದನಿ. ಅದರ ಪಿಕಪ್‌ಗೆ ಹೆಚ್ಚು ಸುತ್ತು ತಂತಿ ಹಾಕಿ ತಗ್ಗಿಸಲಾಗಿತ್ತು. ತೇಗದ್ದು ಮಂಕು, ಅದಕ್ಕೆ ಕಡಿಮೆ ಸುತ್ತು. ಈಗ ಚೂಪಿಗೆ ಚೂಪು, ಮಂಕಿಗೆ ಮಂಕು ಕೂಡಿತ್ತು. ನೋಡಲು ಎರಡೂ ಒಂದೇ. ಕಳ್ಳನಾದರೆ ಹೊತ್ತೊಯ್ಯುತ್ತಿದ್ದ. ಹುಲುಗಪ್ಪನಿಗೆ ಬೆಸುಗೆ ಬರುತ್ತದೆ, ಮೇಣ ಬೇಕಿರಲಿಲ್ಲ. ಯಾವ ಮರಕ್ಕೆ ಎಷ್ಟು ಸುತ್ತು ಎಂಬುದನ್ನು ಮನೆಯವರನ್ನು ಬಿಟ್ಟರೆ ಕೇಳಿ ತಿಳಿದವಳು ಗುರುಬಸಮ್ಮ ಒಬ್ಬಳೇ. ಕುಂಕುಮ ನಿಲ್ಲಲೆಂದು ಹಣೆಗೆ ಮೇಣ ಹಚ್ಚುವವಳೂ ತಂಡದಲ್ಲಿ ಅವಳೊಬ್ಬಳೇ.

ಗುರುಬಸಮ್ಮ ಅಲ್ಲಗಳೆಯಲಿಲ್ಲ. ಬೆಳಿಗ್ಗೆ ಗಂಡಸರು ಉಪ್ಪಿಟ್ಟಿಗೆ ಕೂತಾಗ ಬದಲಿಸಿದ್ದಳು.

"ಹೆಂಗಸರ ಹಾಡೆಲ್ಲ ಇನ್ನ ಗಿಟಾರ್ ನುಡಿಸ್ತೈತಿ, ನಾಳಿಂದ ನೀ ಮನ್ಯಾಗಿರು ಅಂದ ಓಬಳೇಶಪ್ಪ. ಅಷ್ಟು ಚೆಂದ ಹೊಂದಿಸಿದ್ದಿ ನೀ. ಅದು ಕೆಟ್ಟರ ನನ್ನ ಕರೀತಾರ ಅಂದ್ಕೊಂಡೆ. ನಿನ್ನ ಗಂಡನ್ನ ಹಿಡೀತಾರಂತ ತಿಳೀಲಿಲ್ಲವ್ವಾ."

ದಫೇದಾರರು ಮಕ್ತುಂನನ್ನು ಬಿಡಲು ಹೇಳಿ ಕಳಿಸಿ, ಗುರುಬಸಮ್ಮನನ್ನು ಠಾಣೆಗೆ ನಡೆ ಎಂದರು. ಬೀಗರು ಬರುವ ಹೊತ್ತಾಗಿತ್ತು. ಬೇಗ ಸರಿಮಾಡು ಎಂದ ಓಬಳೇಶಪ್ಪ.

ಲಾಲ್ ಬೀ ಕೈ ಕಟ್ಟಿ ನಿಂತಳು.

"ಇವನ್ನ ಸುತ್ತಿದಾಕಿ ನಾನು. ಅಕ್ಕನ ಮ್ಯಾಲಿನ ದೂರು ಬಿಡ್ರಿ, ಆಮ್ಯಾಲೆ ಬೆಸುಗಿ."

ಓಬಳೇಶಪ್ಪ ದೂರು ಹಿಂತೆಗೆದುಕೊಂಡ.

ಗುರುಬಸಮ್ಮ ಹಾಡಲು ಉಳಿಯಲಿಲ್ಲ. ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನತ್ತ ನಡೆದಳು. ಲಾಲ್ ಬೀ ಬಾಗಿಲವರೆಗೆ ಹೋದಳು, ಮರಳಿ ಬಂದು ಬೆಸುಗೆಗೆ ಕೂತಳು.